ಕಿಡ್ನಿ ಕೊಡಲು ಮುಂದೆ ಬಂದಿದ್ದೀರಾ? ಟೆಸ್ಟುಗಳ ದಾರಿ ಹೀಗಿರುತ್ತದೆ

ತಮ್ಮನಿಗೆ ಕಿಡ್ನಿ ಕೊಟ್ಟು ಆರು ವರ್ಷವಾಯಿತು. ಈಗಲೂ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. ನೆಂಟರ ನೆಂಟರು, ಹಾಸನದ ಕಡೆಯವರು, ಡಯಾಲಿಸಿಸ್ ಸೆಂಟರಿನಲ್ಲಿ ಯಾರಿಂದಲೋ ನನ್ನ ನಂಬರ್ ಇಸಿದುಕೊಂಡವರು. ಎಲ್ಲರೂ ಮೊದಲು ಕೇಳುವುದು ಒಂದೇ. "ಅಕ್ಕಾ, ಮ್ಯಾಚ್ ಆಗುತ್ತಾ ಅಂತ ಹೇಗೆ ನೋಡ್ತಾರೆ?"

ಮ್ಯಾಚ್ ನೋಡುವುದು ಇದರಲ್ಲಿ ಸಣ್ಣ ಭಾಗ. ಒಂದು ಕಿಡ್ನಿ ಕೊಟ್ಟ ಮೇಲೆ ನೀವು ಇನ್ನೂ ಮೂವತ್ತು ನಲವತ್ತು ವರ್ಷ ಚೆನ್ನಾಗಿರುತ್ತೀರಾ ಅಂತ ನೋಡುವುದೇ ದೊಡ್ಡ ಕೆಲಸ, ಮುಕ್ಕಾಲು ಪಾಲು ಟೆಸ್ಟುಗಳು ಅದಕ್ಕೇ ಇರುವುದು. ಅಂದರೆ ಆ ಟೆಸ್ಟುಗಳು ನಿಮ್ಮ ಸಲುವಾಗಿ ನಡೆಯುತ್ತವೆ, ರೋಗಿಯ ಸಲುವಾಗಿ ಅಲ್ಲ. ಇದೊಂದು ಗೊತ್ತಿದ್ದರೆ ಏನನ್ನೂ ಮುಚ್ಚಿಡಬೇಕು ಅನ್ನಿಸುವುದಿಲ್ಲ. ಡಾಕ್ಟರ್ "ಬೇಡ" ಅಂದರೆ ಸೋತೆ ಅಂತಲೂ ಅನ್ನಿಸುವುದಿಲ್ಲ. ನಮ್ಮಮ್ಮನಿಗೆ ಇದನ್ನು ಮೊದಲೇ ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಆಸ್ಪತ್ರೆಗೆ ಟೆಸ್ಟುಗಳ ಕ್ರಮ ಸ್ವಲ್ಪ ಆಚೀಚೆ ಆಗುತ್ತದೆ. ಸಾಮಾನ್ಯವಾಗಿ ಕಡಿಮೆ ಖರ್ಚಿನ, ನೋವಿಲ್ಲದ ಟೆಸ್ಟುಗಳು ಮೊದಲು, ದುಬಾರಿ ಸ್ಕ್ಯಾನುಗಳು ಕೊನೆಗೆ. ಮೊದಲ ರಕ್ತದಲ್ಲೇ ಗೊತ್ತಾಗುವ ವಿಷಯಕ್ಕೆ ಸಿಟಿ ಸ್ಕ್ಯಾನ್‌ವರೆಗೂ ಹೋಗಿ ದುಡ್ಡು ಸುರಿಯುವುದು ಯಾಕೆ, ಅಲ್ವಾ?

ಆಸ್ಪತ್ರೆಗೆ ಹೋಗುವ ಮುಂಚೆ

ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ. ಮನೆತನದಲ್ಲಿ ಯಾರಿಗೆ ಶುಗರ್, ಬಿಪಿ, ಕಿಡ್ನಿ ತೊಂದರೆ, ಹೃದಯದ ತೊಂದರೆ, ಕ್ಯಾನ್ಸರ್ ಇತ್ತು. ನಿಮಗೆ ಯಾವತ್ತಾದರೂ ಕಿಡ್ನಿಯಲ್ಲಿ ಕಲ್ಲಾಗಿತ್ತಾ, ಉರಿಮೂತ್ರ ಪದೇ ಪದೇ ಬರುತ್ತಿತ್ತಾ, ಟಿಬಿ ಬಂದಿತ್ತಾ. ಹೆಂಗಸರಾದರೆ ಬಸಿರಿನಲ್ಲಿ ಬಿಪಿ ಅಥವಾ ಶುಗರ್ ಏರಿತ್ತಾ. "ಹೆರಿಗೆಯಾದ ಮೇಲೆ ಸರಿಹೋಯ್ತು" ಅಂತ ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಡಾಕ್ಟರಿಗೆ ಅದು ತುಂಬಾ ಮುಖ್ಯ.

ನೀವು ನುಂಗುವ ಎಲ್ಲದರ ಹೆಸರೂ ಬೇಕು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತರುವ ಮಾತ್ರೆ, ಊರಿನವರು ಕೊಡುವ ಭಸ್ಮ, ನಾಟಿ ಔಷಧಿ, ಜಿಮ್‌ಗೆ ಹೋಗುವ ಹುಡುಗರು ಕಲಸಿ ಕುಡಿಯುವ ಪುಡಿ. ಕ್ರಿಯಾಟಿನ್ ಪುಡಿ ಅಥವಾ ಹಿಂದಿನ ರಾತ್ರಿಯ ಭಾರಿ ಮಾಂಸದೂಟ ಕೂಡ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ನಂಬರನ್ನು ಸ್ವಲ್ಪ ಏರಿಸಿ ತೋರಿಸಬಹುದು. ಬೀಡಿ, ಸಿಗರೇಟು, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕುಡಿತ, ಇವನ್ನೂ ನಾಚಿಕೆಯಿಲ್ಲದೆ ಹೇಳಿ. ಸೇದುವವರಿಗೆ ಆಪರೇಷನ್ನಿಗೆ ಕಡೇ ಪಕ್ಷ ನಾಲ್ಕು ವಾರ ಮುಂಚೆ ಬಿಡಲು ಹೇಳುತ್ತಾರೆ. ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ವಯಸ್ಸು 18 ತುಂಬಿರಲೇಬೇಕು, ಇದು ಕಾನೂನು. ಮೇಲಿನ ಮಿತಿಯನ್ನು ಆಯಾ ಆಸ್ಪತ್ರೆಯೇ ಇಟ್ಟುಕೊಂಡಿರುತ್ತದೆ. ಗಟ್ಟಿಮುಟ್ಟಾಗಿರುವ ಅರವತ್ತರ ತಾಯಂದಿರು ಕೊಟ್ಟಿರುವುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ವಿಷಯ. ರೋಗಿಯ ಕಿಡ್ನಿ ಯಾಕೆ ಹಾಳಾಯಿತು ಅಂತ ಡಾಕ್ಟರನ್ನು ಕೇಳಿ ಬರೆದುಕೊಳ್ಳಿ. ಕಾಯಿಲೆ ಮನೆತನದಲ್ಲಿ ಬರುವಂಥದ್ದಾದರೆ ನಿಮ್ಮಲ್ಲೂ ಇರಬಹುದು. ಕಿಡ್ನಿ ತುಂಬಾ ನೀರುಗುಳ್ಳೆ ಬರುವ ಪಾಲಿಸಿಸ್ಟಿಕ್ ಕಾಯಿಲೆ ಅಪ್ಪ ಅಥವಾ ಅಮ್ಮನಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಯಸ್ಸು ಚಿಕ್ಕದಿದ್ದಾಗ ಅಲ್ಟ್ರಾಸೌಂಡಿನಲ್ಲಿ ಅದು ಕಾಣದೇ ಹೋಗಬಹುದು. ಅಂಥ ಮನೆಯ ಇಪ್ಪತ್ತೈದರ ಹುಡುಗನಿಗೆ ಎಂಆರ್‌ಐ ಅಥವಾ ಜೀನ್ ಟೆಸ್ಟ್ ಬೇಕಾಗುತ್ತದೆ. ನನ್ನ ತಮ್ಮನದು ಐಜಿಎ ನೆಫ್ರೋಪತಿ, ಅಂದರೆ ಕಿಡ್ನಿಯ ಸೋಸುವ ಭಾಗ ಕೆಟ್ಟು ಮೂತ್ರದಲ್ಲಿ ರಕ್ತ ಹೋಗುವ ಕಾಯಿಲೆ. ಹಾಗಾಗಿ ನನ್ನ ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿದೆಯಾ ಅಂತ ಎರಡೆರಡು ಸಲ ನೋಡಿದರು.

ಮೊದಲ ದಿನ: ಸಾಮಾನ್ಯ ಟೆಸ್ಟುಗಳು

ರಕ್ತದ ಗುಂಪು, ತೂಕ, ಎತ್ತರ, ಬಿಪಿ, ಶುಗರ್, ಕ್ರಿಯಾಟಿನಿನ್, ಲಿವರ್, ಮೂತ್ರ, ಹೊಟ್ಟೆಯ ಅಲ್ಟ್ರಾಸೌಂಡ್. ಇಷ್ಟು ಒಂದೇ ದಿನದಲ್ಲಿ ಮುಗಿಯುತ್ತದೆ.

ರಕ್ತದ ಗುಂಪಿಗೆ ರಕ್ತದಾನದ ಲೆಕ್ಕವೇ. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ಎಬಿ ಗುಂಪಿನವರು ಯಾರಿಂದ ಬೇಕಾದರೂ ತೆಗೆದುಕೊಳ್ಳಬಹುದು, ಎ ಮತ್ತು ಬಿ ತಮ್ಮ ಗುಂಪಿಗೆ ಹಾಗೂ ಎಬಿಗೆ. ಪಾಸಿಟಿವ್, ನೆಗೆಟಿವ್ ಇಲ್ಲಿ ಲೆಕ್ಕಕ್ಕಿಲ್ಲ. "ನಂದು ಓ ನೆಗೆಟಿವ್, ಅವನದು ಓ ಪಾಸಿಟಿವ್, ಆಗಲ್ಲ ಅಲ್ವಾ" ಅಂತ ವಾಪಸ್ ಹೋಗಲು ಹೊರಟಿದ್ದ ಒಬ್ಬರನ್ನು ನಾನು ತಡೆದಿದ್ದೇನೆ. ಆಗುತ್ತದೆ. ಗುಂಪು ನಿಜವಾಗಿಯೂ ಹೊಂದದಿದ್ದರೂ ಬಾಗಿಲು ಮುಚ್ಚುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಅಲ್ಟ್ರಾಸೌಂಡಿನಲ್ಲಿ ಎರಡೂ ಕಿಡ್ನಿ ಇವೆಯಾ, ಅಳತೆ ಸಮ ಇದೆಯಾ, ಕಲ್ಲು ಇದೆಯಾ ಅಂತ ನೋಡುತ್ತಾರೆ. "ಎರಡೂ ಇವೆಯಾ" ಅನ್ನುವುದು ತಮಾಷೆಯ ಮಾತಲ್ಲ. ಸುಮಾರು ಸಾವಿರಕ್ಕೊಬ್ಬರು ಹುಟ್ಟುವಾಗಲೇ ಒಂದು ಕಿಡ್ನಿಯವರು. ಅವರಲ್ಲಿ ಎಷ್ಟೋ ಜನರಿಗೆ ಯಾವುದೋ ಸ್ಕ್ಯಾನ್ ಮಾಡಿಸುವವರೆಗೂ ಅದು ಗೊತ್ತೇ ಇರುವುದಿಲ್ಲ.

ತೂಕದ ವಿಷಯಕ್ಕೆ ಬಂದರೆ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 30 ದಾಟಿದರೆ ತಡೆದು ಯೋಚಿಸುತ್ತಾರೆ, 35 ದಾಟಿದರೆ ಬಹುತೇಕ ಕಡೆ ಬೇಡ ಅನ್ನುತ್ತಾರೆ. ತೂಕ ಇಳಿಸಿಕೊಂಡು ಮೂರು ತಿಂಗಳ ನಂತರ ಬಂದವರನ್ನು ಮತ್ತೆ ನೋಡುತ್ತಾರೆ.

ಶುಗರ್

ನಮ್ಮ ಕಡೆ ಜಾಸ್ತಿ ಜನ ನಿಲ್ಲುವುದು ಇಲ್ಲೇ. ಕಿಡ್ನಿ ಕೊಡಲು ಮೊದಲು ಮುಂದೆ ಬಂದದ್ದು ಅಮ್ಮ, ವಯಸ್ಸು 58, ಗುಂಪು ಹೊಂದುತ್ತಿತ್ತು. ಖಾಲಿ ಹೊಟ್ಟೆಯ ಶುಗರ್ 112 ಬಂತು. "ಒಂಚೂರು ಜಾಸ್ತಿ ಅಷ್ಟೇ" ಅಂತ ನಾವೇ ಸಮಾಧಾನ ಹೇಳಿಕೊಂಡೆವು. ಡಾಕ್ಟರ್ ಗ್ಲೂಕೋಸ್ ಕುಡಿಸುವ ಟೆಸ್ಟ್ ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕೊಡುತ್ತಾರೆ. ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಓಡಾಡದೆ, ಏನೂ ತಿನ್ನದೆ ಕೂತಿರಬೇಕು, ಮತ್ತೆ ರಕ್ತ. ಎರಡು ಗಂಟೆಯ ನಂಬರ್ 140ರ ಒಳಗಿದ್ದರೆ ಸರಿ, 200 ಅಥವಾ ಮೇಲಿದ್ದರೆ ಅದು ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಅಂಚಿನಲ್ಲಿದ್ದೀರಿ ಅಂತ. ಅಮ್ಮನದು 214.

ಅವತ್ತು ಬಸ್ಸಿನಲ್ಲಿ ಅಮ್ಮ ಚನ್ನರಾಯಪಟ್ಟಣ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ "ಮಗನಿಗೆ ಕೊಡೋಕೂ ನನ್ನ ಕೈಲಿ ಆಗಲಿಲ್ವಲ್ಲೇ" ಅಂದಳು. ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಶುಗರ್ ವರ್ಷಗಟ್ಟಲೆ ಕಿಡ್ನಿಯನ್ನು ಸವೆಸುತ್ತದೆ. ಎರಡಿದ್ದವರಿಗೇ ಅದು ಕಷ್ಟ, ಒಂದೇ ಇದ್ದಿದ್ದರೆ ಇನ್ನು ಹತ್ತು ವರ್ಷಕ್ಕೆ ನಮ್ಮ ಮನೆಯಲ್ಲಿ ಇಬ್ಬರು ಡಯಾಲಿಸಿಸ್ ಮಂಚದ ಮೇಲಿರುವ ಪರಿಸ್ಥಿತಿ ಬರಬಹುದಿತ್ತು. ಆ ಟೆಸ್ಟ್ ಮಾಡಿಸದೇ ಹೋಗಿದ್ದರೆ ಅಮ್ಮನ ಶುಗರ್ ಇನ್ನೂ ಎಷ್ಟೋ ವರ್ಷ ಸುಮ್ನೆ ಒಳಗೇ ಇರುತ್ತಿತ್ತು. ಈಗ ಮಾತ್ರೆ, ಮುದ್ದೆ, ಸಂಜೆ ನಡಿಗೆಯಲ್ಲಿ ಹತೋಟಿಯಲ್ಲಿದೆ.

ಇದರ ಜೊತೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ನೋಡುತ್ತಾರೆ. 5.7ರ ಕೆಳಗೆ ಒಳ್ಳೆಯದು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅಂಚಿನಲ್ಲಿರುವವರ ವಿಷಯದಲ್ಲಿ ವಯಸ್ಸು ದೊಡ್ಡ ಲೆಕ್ಕ. 60ರವರಿಗೆ ಅಂಚಿನ ಶುಗರ್ ಇದ್ದರೆ ಒಪ್ಪಬಹುದು, 28ರವರಿಗಿದ್ದರೆ ಮುಂದೆ ಬದುಕಬೇಕಾದ ವರ್ಷಗಳು ತುಂಬಾ ಇರುವುದರಿಂದ ಹಿಂದೆ ಸರಿಯುತ್ತಾರೆ. ಎಷ್ಟೋ ಜನರಿಗೆ ಇದು ಉಲ್ಟಾ ಅನ್ನಿಸುತ್ತದೆ. ಯೋಚಿಸಿದರೆ ಸರಿಯೇ.

24 ಗಂಟೆಯ ಮೂತ್ರ

ಈ ಟೆಸ್ಟನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಕೆಡುವುದು ಇದೇ. ನಾನು ಹೋದ ಕಡೆ ಕೈಗೆ ಐದು ಲೀಟರಿನ ಕ್ಯಾನ್ ಕೊಟ್ಟು "ನಾಳೆ ತನ್ನಿ" ಅಂದರು, ಅಷ್ಟೇ. ಮೊದಲ ಸಲ ನಾನು ತಪ್ಪಾಗಿ ತುಂಬಿಸಿದೆ, ಎರಡನೇ ಸಲ ಮಾಡಬೇಕಾಯಿತು.

ಸರಿಯಾದ ರೀತಿ ಇದು. ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಮೂತ್ರವನ್ನು ಟಾಯ್ಲೆಟ್ಟಿಗೇ ಬಿಡಿ, ಆ ಹೊತ್ತನ್ನು ಬರೆದಿಡಿ. 6 ಗಂಟೆ ಅಂತಿಟ್ಟುಕೊಳ್ಳಿ. ಅಲ್ಲಿಂದಾಚೆ ಹಗಲು ರಾತ್ರಿ ಹೋದದ್ದೆಲ್ಲ, ಒಂದು ಹನಿಯನ್ನೂ ಬಿಡದೆ, ಕ್ಯಾನಿಗೆ. ಮಾರನೇ ದಿನ 6 ಗಂಟೆಗೆ ಎದ್ದು ಹೋಗುವ ಮೊದಲ ಮೂತ್ರವೂ ಕ್ಯಾನಿಗೆ. ಅಲ್ಲಿಗೆ ಮುಗಿಯಿತು. ಅಂದರೆ ಮೊದಲ ದಿನದ ಮುಂಜಾನೆಯದು ಹೊರಗೆ, ಎರಡನೇ ದಿನದ ಮುಂಜಾನೆಯದು ಒಳಗೆ. ನಾನು ಎರಡನ್ನೂ ಒಳಗೆ ಹಾಕಿದ್ದೆ.

ಒಂದು ಮಗ್ಗನ್ನು ಬಚ್ಚಲಲ್ಲೇ ಇಟ್ಟುಕೊಂಡು, ಅದರಲ್ಲಿ ಹಿಡಿದು ಕ್ಯಾನಿಗೆ ಸುರಿಯಿರಿ. ಮಲವಿಸರ್ಜನೆಗೆ ಹೋಗುವ ಮುಂಚೆ ಮೂತ್ರವನ್ನು ಬೇರೆಯಾಗಿ ಹಿಡಿದುಕೊಳ್ಳಿ. ಕ್ಯಾನನ್ನು ತಂಪಾದ ಜಾಗದಲ್ಲಿಡಿ. ಆ ದಿನ ಎಲ್ಲೂ ಹೊರಗೆ ಹೋಗಬೇಡಿ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲ ಹೋದರೂ ಲೆಕ್ಕ ತಪ್ಪುತ್ತದೆ. ಮುಟ್ಟಿನ ದಿನಗಳಲ್ಲಿ ಮಾಡಿಸಬೇಡಿ. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಹೊಲದಲ್ಲಿ ಮೈಮುರಿದು ದುಡಿದ ಮಾರನೇ ದಿನವೂ ಬೇಡ, ಪ್ರೋಟೀನ್ ಸುಳ್ಳು ಸುಳ್ಳೇ ಜಾಸ್ತಿ ಬರಬಹುದು. ಅರ್ಧ ಬಿಟ್ಟುಹೋದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. ದಿನಕ್ಕೆ ಇಷ್ಟು ಕ್ರಿಯಾಟಿನಿನ್ ಹೋಗಬೇಕು ಅಂತ ಒಂದು ಅಂದಾಜು ಅವರಲ್ಲಿರುತ್ತದೆ. ತಪ್ಪಾಗಿದ್ದರೆ ನೀವೇ ಹೇಳಿಬಿಡಿ, ಇನ್ನೊಂದು ದಿನ ಹೋದರೆ ಹೋಗಲಿ.

ಇಷ್ಟೆಲ್ಲ ಯಾಕೆ ಅಂದರೆ, ಕಿಡ್ನಿ ಒಳ್ಳೆಯ ಜರಡಿಯಾದರೆ ಪ್ರೋಟೀನನ್ನು ಹೊರಗೆ ಬಿಡುವುದಿಲ್ಲ. ಕೆಡಿಗೊ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ದಾನಿಗಳ ತಪಾಸಣೆಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ದಿನಕ್ಕೆ ಹೋಗುವ ಆಲ್ಬುಮಿನ್ ಅನ್ನುವ ಪ್ರೋಟೀನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 100ರ ನಡುವೆ ಇದ್ದರೆ ಬೇರೆಲ್ಲ ನೋಡಿ ತೀರ್ಮಾನ. 100 ದಾಟಿದರೆ ಕೊಡಬಾರದು. ಕೆಲವು ಕಡೆ ಒಂದೇ ಸಲದ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಿ ಶುರು ಮಾಡುತ್ತಾರೆ, ಆಮೇಲೆ ಕ್ಯಾನ್ ಕೊಡುತ್ತಾರೆ.

ಬಿಪಿ

ಆಸ್ಪತ್ರೆಯಲ್ಲಿ ನನ್ನದು 148/92. ಎದೆ ಢವಢವ ಅನ್ನುತ್ತಿತ್ತು, ಬರದೇ ಇರುತ್ತಾ? ಹೀಗಾದವರಿಗೆ 24 ಗಂಟೆ ತೋಳಿಗೆ ಒಂದು ಪಟ್ಟಿ ಕಟ್ಟಿ, ಸೊಂಟಕ್ಕೆ ಸಣ್ಣ ಮಷಿನ್ ಹಾಕಿ ಮನೆಗೆ ಕಳಿಸುತ್ತಾರೆ. ಹಗಲು ಸುಮಾರು ಅರ್ಧ ಗಂಟೆಗೊಮ್ಮೆ ಅದು ತಾನೇ ಬಿಗಿದು ಅಳೆಯುತ್ತದೆ. ಬಿಗಿಯುವಾಗ ಕೈ ಇಳಿಬಿಟ್ಟು ಅಲುಗಾಡದೆ ನಿಂತುಬಿಡಿ. ನಾನು ರೊಟ್ಟಿ ತಟ್ಟುವುದನ್ನು ಎಷ್ಟೋ ಸಲ ಮಧ್ಯಕ್ಕೇ ನಿಲ್ಲಿಸಿದೆ. ಸರಾಸರಿ 122/78 ಬಂತು.

ಮಾತ್ರೆ ಇಲ್ಲದೆ 140/90ರ ಒಳಗಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಒಂದು ಅಥವಾ ಎರಡು ಮಾತ್ರೆಯಲ್ಲಿ ಚೆನ್ನಾಗಿ ಹತೋಟಿಯಲ್ಲಿದ್ದು, ಹೃದಯ, ಕಣ್ಣು, ಕಿಡ್ನಿ ಯಾವುದಕ್ಕೂ ಪೆಟ್ಟು ಬಿದ್ದಿಲ್ಲದ ಹಿರಿಯರನ್ನು ಕೆಲವು ಕಡೆ ಒಪ್ಪುತ್ತಾರೆ. ಇಸಿಜಿ, ಎಕೋ ಎಲ್ಲರಿಗೂ ಮಾಡುತ್ತಾರೆ, ವಯಸ್ಸು ನೋಡಿ ಟ್ರೆಡ್‌ಮಿಲ್ ಟೆಸ್ಟ್ ಕೂಡ.

ಕಿಡ್ನಿಯ ಶಕ್ತಿ ಎಷ್ಟು: ಡಿಟಿಪಿಎ ಸ್ಕ್ಯಾನ್

ಕ್ರಿಯಾಟಿನಿನ್ 0.8 ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಅದು ಅಂದಾಜು ಮಾತ್ರ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ರಕ್ತದ್ರವ ಸೋಸುತ್ತದೆ ಅನ್ನುವುದಕ್ಕೆ ಜಿಎಫ್‌ಆರ್ ಅನ್ನುತ್ತಾರೆ, ಅದನ್ನು ಅಳೆದೇ ನೋಡಬೇಕು. ಕೈಗೆ ಸ್ವಲ್ಪವೇ ಸ್ವಲ್ಪ ವಿಕಿರಣವಿರುವ ಡಿಟಿಪಿಎ ಅನ್ನುವ ಔಷಧಿ ಚುಚ್ಚಿ, ಕ್ಯಾಮೆರಾದ ಮೇಲೆ ಅರ್ಧ ಗಂಟೆ ಮಲಗಿಸುತ್ತಾರೆ. ಮುಂಚೆ ಚೆನ್ನಾಗಿ ನೀರು ಕುಡಿದು ಹೋಗಿ. ನೋವೇನೂ ಇಲ್ಲ.

90 ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. 60ರಿಂದ 89ರವರೆಗೆ ವಯಸ್ಸು ಮತ್ತು ಉಳಿದದ್ದನ್ನು ನೋಡಿ ಹೇಳುತ್ತಾರೆ. 60ರ ಕೆಳಗೆ ಇಲ್ಲ. ಇದೇ ಸ್ಕ್ಯಾನ್ ಎಡ, ಬಲ ಎಷ್ಟೆಷ್ಟು ಕೆಲಸ ಮಾಡುತ್ತಿವೆ ಅಂತಲೂ ತೋರಿಸುತ್ತದೆ. ಇಲ್ಲಿ ಒಂದು ನಿಯಮ ಇದೆ, ನನಗೆ ತುಂಬಾ ಇಷ್ಟವಾದದ್ದು: ಎರಡರಲ್ಲಿ ಚೆನ್ನಾಗಿರುವುದು ದಾನಿಯ ಹತ್ತಿರವೇ ಉಳಿಯಬೇಕು. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದ್ದರೆ ಸ್ವಲ್ಪ ಕಡಿಮೆ ಇರುವುದನ್ನೇ ತೆಗೆಯುತ್ತಾರೆ.

ಕೊಟ್ಟ ಮೇಲೆ ಜಿಎಫ್‌ಆರ್ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುವುದಿಲ್ಲ. ಉಳಿದ ಕಿಡ್ನಿ ಹೊರೆ ಹೊತ್ತುಕೊಂಡು, ಮೊದಲಿದ್ದದ್ದರ ಶೇಕಡಾ 60ರಿಂದ 70ರಷ್ಟಕ್ಕೆ ಬರುತ್ತದೆ. ನನ್ನ ಕ್ರಿಯಾಟಿನಿನ್ 0.7 ಇದ್ದದ್ದು ಈಗ 1.0. ಇದು ನಿರೀಕ್ಷಿತ, ಹೆದರಬೇಡಿ.

ಮ್ಯಾಚಿಂಗ್

ಈಗ ಎಲ್ಲರೂ ಕೇಳುವ ವಿಷಯ. ಇದರಲ್ಲಿ ಎರಡು ಬೇರೆ ಬೇರೆ ಟೆಸ್ಟ್ ಇವೆ, ಜನ ಒಂದೇ ಅಂದುಕೊಳ್ಳುತ್ತಾರೆ.

ಎಚ್‌ಎಲ್‌ಎ ಅಂದರೆ ಜೀವಕೋಶದ ಮೇಲಿನ ಗುರುತುಗಳು. ಅಪ್ಪ ಅಮ್ಮನಿಂದ ಅರ್ಧರ್ಧ ಬರುತ್ತವೆ. ಹಾಗಾಗಿ ಹೆತ್ತವರು ಮಕ್ಕಳ ನಡುವೆ ಅರ್ಧ ಹೊಂದುತ್ತದೆ. ಅಕ್ಕ ತಮ್ಮಂದಿರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ಕಾಲು ಭಾಗ, ಅರ್ಧ ಹೊಂದುವುದು ಅರ್ಧ ಭಾಗ, ಏನೂ ಹೊಂದದೇ ಇರುವುದು ಕಾಲು ಭಾಗ. 1954ರ ಡಿಸೆಂಬರಿನಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ತದ್ರೂಪಿ ಅವಳಿ ಸಹೋದರರ ನಡುವೆ, ಆಗ ಬೇರೆ ದಾರಿ ಇರಲಿಲ್ಲ. ಈಗಿನ ಔಷಧಿಗಳಿಂದ ಗುರುತು ಒಂದೂ ಹೊಂದದ ಹೆಂಡತಿಯ ಕಿಡ್ನಿ ಗಂಡನಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆಯುತ್ತದೆ. ಹೊಂದಿದರೆ ಒಳ್ಳೆಯದು, ಹೊಂದದಿದ್ದರೆ ಕೈಬಿಡಬೇಕಾಗಿಲ್ಲ.

ಕ್ರಾಸ್‌ಮ್ಯಾಚ್ ಹಾಗಲ್ಲ. ನಿಮ್ಮ ಬಿಳಿ ರಕ್ತಕಣಗಳಿಗೆ ರೋಗಿಯ ಸೀರಂ (ರಕ್ತದ ತಿಳಿದ್ರವ) ಬೆರೆಸಿ, ಅದು ನಿಮ್ಮ ಕಣಗಳ ಮೇಲೆ ಎರಗುತ್ತದಾ ಅಂತ ನೋಡುತ್ತಾರೆ. ನೆಗೆಟಿವ್ ಬಂದರೆ ಒಳ್ಳೆಯ ಸುದ್ದಿ. ಪಾಸಿಟಿವ್ ಅಂದರೆ ರೋಗಿಯ ಮೈಯಲ್ಲಿ ನಿಮ್ಮ ವಿರುದ್ಧ ಆಗಲೇ ಪ್ರತಿಕಾಯಗಳಿವೆ, ಕಿಡ್ನಿ ಇಟ್ಟ ಕೂಡಲೇ ಹಾಳಾಗುವ ಅಪಾಯ ಇದೆ. ಇಂಥ ಪ್ರತಿಕಾಯಗಳು ಹುಟ್ಟುವುದು ಮುಖ್ಯವಾಗಿ ಮೂರು ಕಾರಣಕ್ಕೆ: ಹಿಂದೆ ರಕ್ತ ಹಾಕಿಸಿಕೊಂಡದ್ದು, ಹಿಂದಿನ ಕಸಿ, ಬಸಿರು. ಅದಕ್ಕೇ ಮಕ್ಕಳಾದ ಹೆಂಗಸು ರೋಗಿಯಾದಾಗ ಗಂಡ ಅಥವಾ ಮಗನ ಕಿಡ್ನಿಗೆ ಕೆಲವೊಮ್ಮೆ ಕ್ರಾಸ್‌ಮ್ಯಾಚ್ ಪಾಸಿಟಿವ್ ಬರುತ್ತದೆ. ಡಯಾಲಿಸಿಸ್‌ನಲ್ಲಿರುವವರ ಮನೆಯವರಿಗೆ ಒಂದು ಮಾತು. ಹಿಮೋಗ್ಲೋಬಿನ್ ಇಳಿದಾಗ ರಕ್ತವೇ ಹಾಕಬೇಕಾ, ಇಂಜೆಕ್ಷನ್ನಿನಲ್ಲಿ ಏರಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಕಸಿಯ ಯೋಚನೆ ಇದೆ ಅಂತ ನೆನಪಿಸಿ.

ಗುಂಪು ಹೊಂದದೇ ಹೋದರೆ ಅಥವಾ ಕ್ರಾಸ್‌ಮ್ಯಾಚ್ ಪಾಸಿಟಿವ್ ಆದರೆ ಎರಡು ದಾರಿ. ಒಂದು, ರೋಗಿಯ ರಕ್ತದಿಂದ ಪ್ರತಿಕಾಯ ತೆಗೆದು ಕಸಿ ಮಾಡುವುದು, ಖರ್ಚು ಮತ್ತು ಸೋಂಕಿನ ಅಪಾಯ ಎರಡೂ ಜಾಸ್ತಿ. ಇನ್ನೊಂದು, ಸ್ವಾಪ್. ನಿಮ್ಮಂತೆಯೇ ಸಿಕ್ಕಿಹಾಕಿಕೊಂಡ ಇನ್ನೊಂದು ಜೋಡಿ ಸಿಕ್ಕರೆ, ನಿಮ್ಮ ಕಿಡ್ನಿ ಅವರ ರೋಗಿಗೆ, ಅವರದು ನಿಮ್ಮ ರೋಗಿಗೆ. ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಕಸಿಯ ಕೆಲಸ ನೋಡಿಕೊಳ್ಳುವ ಆಸ್ಪತ್ರೆಯ ಕೋಆರ್ಡಿನೇಟರ್ ತಾನಾಗಿ ಹೇಳದಿದ್ದರೆ ನೀವೇ ಕೇಳಿ. ಜೊತೆಗೆ ರೋಗಿಯ ಹೆಸರನ್ನು ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ ಪಟ್ಟಿಯಲ್ಲಿ ಸೇರಿಸಿಡಿ. ಮಿದುಳು ನಿಷ್ಕ್ರಿಯಗೊಂಡವರ ಅಂಗಗಳನ್ನು ಕರ್ನಾಟಕದಲ್ಲಿ ಹಂಚುವುದು ಆ ಸಂಸ್ಥೆ. ದಾನಿ ಇದ್ದಾರೆ ಅಂತ ಸುಮ್ಮನೆ ಕೂರಬೇಡಿ, ದಾನಿ ಕೊನೆಯ ಟೆಸ್ಟಿನಲ್ಲೂ ಹೊರಗೆ ಬರಬಹುದು.

ಸೋಂಕು ಮತ್ತು ಕ್ಯಾನ್ಸರ್

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಸಿಎಂವಿ ಅನ್ನುವ ವೈರಸ್, ಎದೆಯ ಎಕ್ಸ್‌ರೇ, ಟಿಬಿ. ರೋಗಿ ಮುಂದೆ ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಬೇಕು, ನಿಮ್ಮಲ್ಲಿ ಮಲಗಿರುವ ಸಣ್ಣ ಸೋಂಕು ಅವರಲ್ಲಿ ಎದ್ದು ನಿಲ್ಲುತ್ತದೆ. ಕ್ಯಾನ್ಸರಿಗೆ ವಯಸ್ಸಿನ ಪ್ರಕಾರ: ಹೆಂಗಸರಿಗೆ ಗರ್ಭಕೋಶದ ಕೊರಳಿನ ಪ್ಯಾಪ್ ಸ್ಮಿಯರ್, ಅವರಲ್ಲಿ ನಲವತ್ತಾದವರಿಗೆ ಸ್ತನದ ಮ್ಯಾಮೊಗ್ರಾಂ, ಐವತ್ತು ದಾಟಿದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ರಕ್ತಪರೀಕ್ಷೆ.

ಸಿಟಿ ಆಂಜಿಯೋಗ್ರಾಂ

ಉಳಿದೆಲ್ಲ ಸರಿ ಬಂದ ಮೇಲೆ ಇದು. ನಾಲ್ಕು ಗಂಟೆ ಖಾಲಿ ಹೊಟ್ಟೆ, ಕೈಗೆ ಸೂಜಿ, ಬಣ್ಣದ ಔಷಧಿ. ಅದು ಒಳಗೆ ಹೋದಾಗ ಗಂಟಲಿನಿಂದ ಹೊಟ್ಟೆಯವರೆಗೆ ಬಿಸಿ ಹರಿದಂತಾಗುತ್ತದೆ, ಹೆಂಗಸರಲ್ಲಿ ಎಷ್ಟೋ ಜನರಿಗೆ ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಅರ್ಧ ನಿಮಿಷಕ್ಕೆ ಸರಿಹೋಗುತ್ತದೆ. ಅಲರ್ಜಿ ಇದ್ದರೆ ಮೊದಲೇ ಹೇಳಿ.

ಕಿಡ್ನಿಗೆ ಎಷ್ಟು ರಕ್ತನಾಳ ಹೋಗಿವೆ, ಎಲ್ಲಿ ಕವಲೊಡೆದಿವೆ ಅಂತ ಸರ್ಜನ್‌ಗೆ ಇದರಲ್ಲಿ ಗೊತ್ತಾಗುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ರಕ್ತನಾಳ ಇರುತ್ತದೆ, ಅದರಿಂದ ಕೊಡಲು ಆಗುವುದಿಲ್ಲ ಅಂತೇನಿಲ್ಲ. ಸಾಮಾನ್ಯವಾಗಿ ಎಡಗಡೆಯದನ್ನು ಆರಿಸುತ್ತಾರೆ, ಆ ಕಡೆ ಕಿಡ್ನಿಯಿಂದ ರಕ್ತ ಹೊರಗೆ ಒಯ್ಯುವ ನಾಳ (ವೇನ್) ಉದ್ದವಾಗಿರುವುದರಿಂದ ಹೊಲಿಯಲು ಸುಲಭ. ಹೊಟ್ಟೆಯಲ್ಲಿ ಬೇರೇನಾದರೂ ಇದ್ದರೂ ಈ ಸ್ಕ್ಯಾನ್ ತೋರಿಸಿಬಿಡುತ್ತದೆ.

ಒಬ್ಬರೇ ಕೂತು ಮಾತಾಡುವ ದಿನ

ಮನೋವೈದ್ಯರು ಅಥವಾ ಆಪ್ತಸಮಾಲೋಚಕರು ನಿಮ್ಮನ್ನು ಒಬ್ಬರನ್ನೇ ಕೂರಿಸಿಕೊಳ್ಳುತ್ತಾರೆ. ಕೂರಿಸದಿದ್ದರೆ ಕೂರಿಸಿ ಅಂತ ಕೇಳಿ. ನನ್ನನ್ನು ಕೇಳಿದ ಪ್ರಶ್ನೆಗಳು: ಯಾರು ಹೇಳಿದ್ದು ಕೊಡು ಅಂತ? ಗಂಡ ಏನಂದರು? ಮಕ್ಕಳನ್ನು ಆ ತಿಂಗಳು ಯಾರು ನೋಡಿಕೊಳ್ಳುತ್ತಾರೆ? ಕಿಡ್ನಿ ನಿಮ್ಮ ತಮ್ಮನಿಗೆ ಒಗ್ಗದೆ ಹೋದರೆ ಏನು ಮಾಡುತ್ತೀರಿ? ಕೊನೆಯದಕ್ಕೆ ನನಗೆ ತಕ್ಷಣ ಮಾತು ಬರಲಿಲ್ಲ. ಅವರು ಕಾದರು. "ಅವನ ಮೇಲೆ ಸಿಟ್ಟು ಬರಲ್ಲ, ದುಃಖ ಆಗುತ್ತೆ" ಅಂದೆ.

ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ತಾಯಿ, ಹೆಂಡತಿ, ಅಕ್ಕ, ತಂಗಿ. ಎಷ್ಟೋ ಮನೆಗಳಲ್ಲಿ "ನೀನು ಕೊಡ್ತೀಯಾ?" ಅಂತ ಯಾರೂ ಕೇಳಿಯೇ ಇರುವುದಿಲ್ಲ, ಕೊಡುತ್ತಾಳೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಂಗಾಂಗ ಕಸಿಯ 2014ರ ನಿಯಮಗಳಲ್ಲೇ ಇದೆ: ದಾನಿ ಹೆಂಗಸಾದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಅವಳ ಗುರುತು ಮತ್ತು ಸ್ವಂತ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ಖಚಿತಪಡಿಸಬೇಕು.

ಮನಸ್ಸಿಲ್ಲದಿದ್ದರೆ ಆ ಕೋಣೆಯಲ್ಲಿ ಹೇಳಿಬಿಡಿ. ಕಾರಣವನ್ನು ಹೊರಗೆ ಹೇಳಬೇಡಿ ಅಂತಲೂ ಕೇಳಿಕೊಳ್ಳಿ. "ದಾನಕ್ಕೆ ಸೂಕ್ತರಲ್ಲ" ಅಂತಷ್ಟೇ ಮನೆಯವರಿಗೆ ಹೇಳಿ ಮುಗಿಸುವ ಡಾಕ್ಟರುಗಳಿದ್ದಾರೆ. ಆಪರೇಷನ್ ಥಿಯೇಟರಿನ ಬಾಗಿಲವರೆಗೂ "ಬೇಡ" ಅನ್ನುವ ಹಕ್ಕು ನಿಮ್ಮದೇ.

ಅಪಾಯದ ಲೆಕ್ಕವನ್ನೂ ಇದೇ ಹೊತ್ತಿಗೆ ಬಿಡಿಸಿ ಕೇಳಿ. ಅಮೆರಿಕದ ದಾನಿಗಳ ಲೆಕ್ಕದಲ್ಲಿ ಆಪರೇಷನ್ ಆದ ಮೂರು ತಿಂಗಳೊಳಗಿನ ಸಾವು 10,000ಕ್ಕೆ ಸುಮಾರು 3. ಅಲ್ಲಿಯದೇ ಇನ್ನೊಂದು ಅಧ್ಯಯನ 2014ರಲ್ಲಿ ಬಂತು: ಜೀವಮಾನದಲ್ಲಿ ಕಿಡ್ನಿ ಕೈಕೊಡುವ ಸಾಧ್ಯತೆ 10,000 ದಾನಿಗಳಲ್ಲಿ ಸುಮಾರು 90, ಅಷ್ಟೇ ಆರೋಗ್ಯವಾಗಿದ್ದು ದಾನ ಮಾಡದವರಲ್ಲಿ 14. ಸಣ್ಣ ಅಪಾಯ, ಆದರೆ ಸೊನ್ನೆಯಲ್ಲ. "ಏನೂ ಆಗಲ್ಲ" ಅನ್ನುವವರ ಮಾತನ್ನು ನೆಚ್ಚಿಕೊಳ್ಳಬೇಡಿ. ಇನ್ನೂ ಮಕ್ಕಳು ಬೇಕು ಅಂದುಕೊಂಡಿರುವ ಹೆಂಗಸರಿಗೆ ಮುಂದಿನ ಬಸಿರಿನಲ್ಲಿ ಬಿಪಿ ಏರುವ ಸಾಧ್ಯತೆ ಜಾಸ್ತಿ, ಅದನ್ನು ಮೊದಲೇ ಮಾತಾಡಿ.

ಕಾಗದಪತ್ರ

1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿ ಅಂದರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಿಂದ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಚಿಕ್ಕಪ್ಪ, ಅತ್ತಿಗೆ, ಭಾವ, ಮಾವನ ಮಗ, ಸ್ನೇಹಿತ ಇವರೆಲ್ಲ ಆ ಪಟ್ಟಿಯಲ್ಲಿಲ್ಲ, ಅವರ ಅರ್ಜಿ ಅಧಿಕೃತ ಸಮಿತಿಯ ಮುಂದೆ ಹೋಗಬೇಕು. ಹತ್ತಿರದ ಸಂಬಂಧಿಗೆ ಫಾರಂ 1, ಗಂಡ ಹೆಂಡತಿಗೆ ಫಾರಂ 2, ಉಳಿದವರಿಗೆ ಫಾರಂ 3. ಸಂಬಂಧಿಯಲ್ಲದ ದಾನಿಯಾಗಿ ವೆಲ್ಲೂರು, ಕೊಯಮತ್ತೂರಿನಂಥ ಹೊರರಾಜ್ಯದಲ್ಲಿ ಮಾಡಿಸುವುದಾದರೆ ನಮ್ಮ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ಟೆಸ್ಟುಗಳು ನಡೆಯುತ್ತಿರುವಾಗಲೇ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಆಧಾರ್, ರೇಷನ್ ಕಾರ್ಡ್, ವೋಟರ್ ಕಾರ್ಡ್, ಜನನ ಪತ್ರ ಅಥವಾ ಶಾಲೆಯ ಟಿಸಿ, ಮದುವೆ ನೋಂದಣಿ, ಮನೆಯವರೆಲ್ಲ ಇರುವ ಹಳೆಯ ಫೋಟೋ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಮದುವೆಗೆ ಮುಂಚಿನ ಇನಿಷಿಯಲ್, ಆಮೇಲಿನದು ಬೇರೆಯಾಗಿ ನನಗೆ ಅಫಿಡವಿಟ್ ಮಾಡಿಸಬೇಕಾಯಿತು, ಎರಡು ವಾರ ಹಿಡಿಯಿತು. ಸಮಿತಿಯವರು ನಿಮ್ಮ ಜೊತೆ ಮಾತಾಡುವುದನ್ನು ವಿಡಿಯೋ ಮಾಡುತ್ತಾರೆ. ನಿಮ್ಮ ಕನ್ನಡದಲ್ಲೇ ಉತ್ತರಿಸಿ.

ದುಡ್ಡಿಗೆ ಕಿಡ್ನಿ ಕೊಡುವುದು, ಕೊಳ್ಳುವುದು, ಕೊಡಿಸುವುದು ಎಲ್ಲವೂ ಅಪರಾಧ. 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ದಂಡ. ಯಾರಾದರೂ "ಡೋನರ್ ಹೊಂದಿಸ್ತೀನಿ" ಅಂತ ಬಂದರೆ ಫೋನ್ ನಂಬರನ್ನೂ ಇಟ್ಟುಕೊಳ್ಳಬೇಡಿ.

ಖರ್ಚಿನ ವಿಷಯಕ್ಕೆ, ದಾನಿಯ ಟೆಸ್ಟುಗಳು ಪ್ಯಾಕೇಜಿನಲ್ಲಿ ಸೇರಿವೆಯಾ, ಅರ್ಧಕ್ಕೆ ನಿಂತರೆ ಯಾರು ಕಟ್ಟಬೇಕು ಅಂತ ಮೊದಲ ದಿನವೇ ಕೇಳಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬರುವ ನೆರವನ್ನೂ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯನ್ನೂ ವಿಚಾರಿಸಿ.

ಕೊನೆಯ ವಾರ ಮತ್ತು ಆಮೇಲೆ

ದಿನ ಗೊತ್ತಾದ ಮೇಲೂ ಕ್ರಾಸ್‌ಮ್ಯಾಚ್ ಇನ್ನೊಮ್ಮೆ ಮಾಡುತ್ತಾರೆ, ಸೋಂಕಿನ ಕೆಲವು ಟೆಸ್ಟುಗಳು ಮತ್ತೆ, ಹೆಂಗಸರಿಗೆ ಬಸಿರಿನ ಟೆಸ್ಟ್. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಯಾವಾಗ ನಿಲ್ಲಿಸಬೇಕು ಕೇಳಿ, ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ಸಣ್ಣ ಜ್ವರ, ಕೆಮ್ಮು, ಉರಿಮೂತ್ರ ಬಂದರೂ ಹೇಳಿ. ಆಪರೇಷನ್ ಒಂದು ವಾರ ಮುಂದೆ ಹೋದರೆ ನಷ್ಟವಿಲ್ಲ.

ಈಗಿನ ಆಪರೇಷನ್ ಹೆಚ್ಚಾಗಿ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ, ನಾಲ್ಕೈದು ದಿನ ಆಸ್ಪತ್ರೆ, ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಗು ಏನನ್ನೂ ಎತ್ತುವಂತಿಲ್ಲ. ಬಿಡುಗಡೆಯಾಗುವ ದಿನ ನಿಮ್ಮ ಹೆಸರಿನ ಎಲ್ಲ ರಿಪೋರ್ಟನ್ನೂ ಬೇರೆ ಫೈಲಿನಲ್ಲಿ ತೆಗೆದುಕೊಳ್ಳಿ. ರೋಗಿಯ ಫೈಲಿನಲ್ಲಿ ಅವು ಸೇರಿಹೋದರೆ ಆಮೇಲೆ ಸಿಗುವುದಿಲ್ಲ. ಮುಂದೆ ಯಾವ ಡಾಕ್ಟರ್ ಹತ್ತಿರ ಹೋದರೂ "ನನಗೆ ಒಂದೇ ಕಿಡ್ನಿ" ಅನ್ನುವುದು ಮೊದಲ ಮಾತಾಗಲಿ, ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳನ್ನು ಬರೆಯದೇ ಇರಲಿ.

ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಶುಗರ್, ಮೂತ್ರದ ಪ್ರೋಟೀನ್. ದಾನಿಗಳು ಮರೆಯುವುದು ಇದನ್ನೇ, ಮನೆಯವರ ಗಮನವೆಲ್ಲ ರೋಗಿಯ ಕಡೆ ಇರುತ್ತದೆ. ಒಂದು ಹಬ್ಬಕ್ಕೆ ಗಂಟು ಹಾಕಿಕೊಂಡರೆ ತಪ್ಪುವುದಿಲ್ಲ. ನಾನು ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಮಾರನೇ ವಾರ ಮಾಡಿಸುತ್ತೇನೆ. ತಮ್ಮನೇ ಸ್ಕೂಟರಿನಲ್ಲಿ ಲ್ಯಾಬಿಗೆ ಬಿಡುತ್ತಾನೆ. ಅಮ್ಮ ಆಟೋದಲ್ಲಿ ಹಿಂದೆಯೇ ಬಂದು, ತನ್ನ ಶುಗರ್‌ಗೂ ರಕ್ತ ಕೊಡುತ್ತಾಳೆ.